ಡಿವಿಆರ್ ಬಿಸಾಡುವ ಮೊದಲು ಒಂದು ಲೆಕ್ಕ ಹಾಕಿ

ಮಾನ್ಯ ಸಂಪಾದಕರೇ,

ಕಳ್ಳತನದ ಸುದ್ದಿ ಬಂದಾಗಲೆಲ್ಲ ಪತ್ರಿಕೆಗಳಲ್ಲಿ ಒಂದು ಸಾಲು ಓದುತ್ತಿರುತ್ತೇನೆ. ಸಿಸಿ ಕ್ಯಾಮೆರಾ ಇತ್ತು, ಆದರೆ ದೃಶ್ಯ ಸಿಗಲಿಲ್ಲ ಅಂತ. ಅಷ್ಟಕ್ಕೇ ಸುದ್ದಿ ಮುಗಿಯುತ್ತದೆ. ಯಾಕೆ ಸಿಗಲಿಲ್ಲ ಅನ್ನುವುದು ಬರುವುದಿಲ್ಲ. ನಮ್ಮ ಕಟ್ಟಡದಲ್ಲೂ ಹೀಗೇ ಆಯಿತು, ಅದರ ಹಿಂದೆ ಬಿದ್ದು ಎರಡು ತಿಂಗಳು ಓಡಾಡಿದೆ, ತಿಳಿದದ್ದನ್ನು ನಿಮ್ಮ ಓದುಗರಿಗೆ ಹೇಳಬೇಕು ಅನ್ನಿಸಿ ಈ ಪತ್ರ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗಿದೆ, ದಯವಿಟ್ಟು ಪೂರ್ತಿ ಹಾಕಿ.

ಬಸವನಗುಡಿ ಪಕ್ಕದಲ್ಲಿ 16 ಮನೆಗಳ ಚಿಕ್ಕ ಅಪಾರ್ಟ್‌ಮೆಂಟ್ ನಮ್ಮದು. 8 ಕ್ಯಾಮೆರಾ ಇವೆ. ಗೇಟಿಗೆ ಎರಡು, ಪಾರ್ಕಿಂಗ್‌ಗೆ ಎರಡು, ಲಿಫ್ಟ್ ಮುಂದೆ, ಹಿಂದಿನ ಓಣಿಗೆ, ಜನರೇಟರ್ ಹತ್ತಿರ, ಟೆರೇಸ್ ಬಾಗಿಲಿಗೆ ಒಂದೊಂದು. ಎಲ್ಲದರ ದೃಶ್ಯ ಕೆಳಗಿನ ವಾಚ್‌ಮನ್ ರೂಮಿನ ಡಿವಿಆರ್‌ಗೆ, ಅಂದರೆ ದೃಶ್ಯ ರೆಕಾರ್ಡ್ ಮಾಡಿಡುವ ಪೆಟ್ಟಿಗೆಗೆ ಹೋಗುತ್ತದೆ. 2015ರಲ್ಲಿ ಹಾಕಿಸಿದ್ದು. ಒಳಗೆ 1 ಟಿಬಿ ಹಾರ್ಡ್ ಡಿಸ್ಕ್. ಮೂರನೇ ಮಹಡಿಯ ಮನೆಯವರು ಊರ ಹಬ್ಬಕ್ಕೆ ಹೋಗಿ ಹತ್ತು ದಿನ ಬಿಟ್ಟು ಬಂದರು. ಪಾರ್ಕಿಂಗ್‌ನಲ್ಲಿ ನಿಲ್ಲಿಸಿದ್ದ ಸ್ಕೂಟರ್ ಇರಲಿಲ್ಲ. ಪೊಲೀಸರು ಬಂದು ಮೊದಲು ಕೇಳಿದ್ದೇ ಸಿಸಿ ಕ್ಯಾಮೆರಾ ವಿಡಿಯೊ. ಡಿವಿಆರ್ ತೆಗೆದು ನೋಡಿದರೆ ಹಿಂದಿನ ಐದು ದಿನದ್ದು ಮಾತ್ರ ಇದೆ. ಅದಕ್ಕೂ ಹಿಂದಿನದರ ಮೇಲೆ ಹೊಸದು ಬರೆದುಕೊಂಡಿತ್ತು. ಯಂತ್ರ ಕೆಟ್ಟಿರಲಿಲ್ಲ, ಕ್ಯಾಮೆರಾ ಎಲ್ಲ ಸರಿಯಾಗಿಯೇ ಇದ್ದವು. ಡಿಸ್ಕ್ ತುಂಬಿದ ಮೇಲೆ ಹಳೆಯದನ್ನು ಅಳಿಸಿ ಬರೆಯುವುದೇ ಅದರ ಕೆಲಸ. ಎಷ್ಟು ದಿನಕ್ಕೆ ತುಂಬುತ್ತದೆ ಅಂತ ನಮ್ಮಲ್ಲಿ ಯಾರೂ ಒಂದು ದಿನವೂ ನೋಡಿರಲಿಲ್ಲ.

ಆ ಮನೆಯಾಕೆ ನನ್ನ ಮುಖ ನೋಡಿ, 'ಸರ್, ತಿಂಗಳು ತಿಂಗಳು ಮೇಂಟೆನೆನ್ಸ್ ಕಟ್ತೀವಿ, ಕ್ಯಾಮೆರಾ ಇದೆ ಅಂತ ಧೈರ್ಯವಾಗಿ ಊರಿಗೆ ಹೋದ್ವಿ' ಅಂದರು. ನಾನು ಸಂಘದ ಕಾರ್ಯದರ್ಶಿ. ಡಿಪ್ಲೊಮಾ ಹುಡುಗರಿಗೆ ವರ್ಷಗಟ್ಟಲೆ ಎಲೆಕ್ಟ್ರಾನಿಕ್ಸ್ ಪಾಠ ಮಾಡಿದವನು. ಉತ್ತರ ಕೊಡಲು ಆಗಲಿಲ್ಲ.

ಮೊದಲು ಲೆಕ್ಕ ಹೇಳುತ್ತೇನೆ, ಯಾಕೆಂದರೆ ಇದೊಂದು ಗೊತ್ತಿದ್ದರೆ ಮುಂದಿನದೆಲ್ಲ ಸುಲಭ. ಡಿವಿಆರ್ ಸೆಟ್ಟಿಂಗ್‌ನಲ್ಲಿ ಪ್ರತಿ ಕ್ಯಾಮೆರಾಗೆ ಬಿಟ್‌ರೇಟ್ ಅಂತ ಇರುತ್ತದೆ, ಅಂದರೆ ಸೆಕೆಂಡಿಗೆ ಎಷ್ಟು ಡೇಟಾ ಬರೆಯಬೇಕು ಅನ್ನುವುದು. ನಮ್ಮದರಲ್ಲಿ 2048 ಕಿಲೋಬಿಟ್ ಅಂತ ಇತ್ತು. ಲೆಕ್ಕಕ್ಕೆ ಸೆಕೆಂಡಿಗೆ 2 ಮೆಗಾಬಿಟ್ ಅನ್ನಿ. 8 ಬಿಟ್‌ಗೆ ಒಂದು ಬೈಟ್, ಅಂದರೆ ಸೆಕೆಂಡಿಗೆ ಕಾಲು ಮೆಗಾಬೈಟ್. ದಿನಕ್ಕೆ 86,400 ಸೆಕೆಂಡ್. ಒಂದು ಕ್ಯಾಮೆರಾಗೆ ದಿನಕ್ಕೆ 21.6 ಜಿಬಿ ಆಯಿತು. ಎಂಟು ಕ್ಯಾಮೆರಾಗೆ 173 ಜಿಬಿ ಹತ್ತಿರ. 1 ಟಿಬಿ ಡಿಸ್ಕ್ ಅಂದರೆ 1000 ಜಿಬಿ. ಐದೂಮುಕ್ಕಾಲು ದಿನಕ್ಕೆ ಮುಗಿಯಿತು. ಬಿಟ್‌ರೇಟ್ 4096 ಇಟ್ಟವರ ಮನೆಯಲ್ಲಿ ಅದೇ ಡಿಸ್ಕ್ ಮೂರು ದಿನವೂ ಬರುವುದಿಲ್ಲ. ಒಂದು ಕಾಗದ, ಒಂದು ಪೆನ್ನು ಇದ್ದರೆ ಐದು ನಿಮಿಷದ ಕೆಲಸ ಇದು. ಆದರೆ ಮಾರುವವರು ಬಿಲ್ಲಿನಲ್ಲಿ '8 ಚಾನೆಲ್, 1 ಟಿಬಿ' ಅಂತ ಬರೆದುಕೊಡುತ್ತಾರೆ. ಎಷ್ಟು ದಿನ ಬರುತ್ತದೆ ಅಂತ ಬರೆಯುವುದಿಲ್ಲ, ನಾವೂ ಕೇಳುವುದಿಲ್ಲ.

ಎಷ್ಟು ದಿನ ಇಟ್ಟುಕೊಳ್ಳಬೇಕು? ಕರ್ನಾಟಕದಲ್ಲಿ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆ ಇದೆ. ಜನ ಜಾಸ್ತಿ ಸೇರುವ ಕಡೆ ಸಿಸಿ ಕ್ಯಾಮೆರಾ ಇರಬೇಕು, ದೃಶ್ಯ 30 ದಿನ ಇರಬೇಕು ಅನ್ನುತ್ತದೆ. ನಮ್ಮಂಥ ಸಣ್ಣ ಕಟ್ಟಡದ ಮಟ್ಟಿಗೂ 30 ದಿನ ಒಳ್ಳೆಯ ಗುರಿ ಅಂತ ಸಂಘದ ಸಭೆಯಲ್ಲಿ ತೀರ್ಮಾನ ಮಾಡಿದೆವು. ಪೊಲೀಸ್ ಠಾಣೆಗಳ ಕ್ಯಾಮೆರಾ ದೃಶ್ಯ 18 ತಿಂಗಳು ಇರಬೇಕು, ಅದಕ್ಕೆ ತಕ್ಕ ಸಲಕರಣೆ ಸಿಗದಿದ್ದರೂ ಒಂದು ವರ್ಷಕ್ಕೆ ಕಮ್ಮಿ ಆಗಬಾರದು ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ನಮ್ಮ ಲೆಕ್ಕದಲ್ಲೇ ಎಂಟು ಕ್ಯಾಮೆರಾಗೆ 18 ತಿಂಗಳು ಅಂದರೆ 93 ಟಿಬಿ ಆಗುತ್ತದೆ. ಅದು ಬೇರೆಯದೇ ವ್ಯವಸ್ಥೆ, ಮನೆಯ ಡಿವಿಆರ್ ಕೆಲಸವಲ್ಲ. ಆದರೆ 30 ದಿನ ನಮ್ಮ ಕೈಯಲ್ಲಿ ಆಗುವಂಥದ್ದು.

ಸರಿ, ದೊಡ್ಡ ಡಿಸ್ಕ್ ಹಾಕೋಣ ಅಂದುಕೊಂಡೆವು. ಎರಡನೇ ಮಹಡಿಯ ಹುಡುಗ ತನ್ನ ಕಂಪ್ಯೂಟರಿನಿಂದ ಬಿಚ್ಚಿಟ್ಟಿದ್ದ 3 ಟಿಬಿ ಡಿಸ್ಕ್ ಕೊಟ್ಟ, 'ಅಂಕಲ್, ಸುಮ್ನೆ ಬಿದ್ದಿದೆ, ತಗೊಳ್ಳಿ' ಅಂತ. ಡಿವಿಆರ್ ಬಿಚ್ಚಿ ಹಾಕಿದೆವು, ಫಾರ್ಮ್ಯಾಟ್ ಮಾಡಿದೆವು. ಪರದೆ ಮೇಲೆ ಬಂದದ್ದು 746 ಜಿಬಿ. ಹಳೆಯ 1 ಟಿಬಿ ಡಿಸ್ಕ್ ಹಾಕಿದಾಗ 931 ಜಿಬಿ ತೋರಿಸುತ್ತಿತ್ತು. ಅಂದರೆ ಮೂರು ಪಟ್ಟು ದೊಡ್ಡ ಡಿಸ್ಕ್ ಹಾಕಿದರೆ ಜಾಗ ಮೊದಲಿಗಿಂತ ಕಮ್ಮಿಯಾಗಿತ್ತು!

ಡಿಸ್ಕ್ ಹಾಳಾಗಿದೆ ಅಂತ ಎಲ್ಲರೂ ಹೇಳಿದರು. ಡಿಸ್ಕ್ ಮತ್ತು ಡಿವಿಆರ್ ಎರಡನ್ನೂ ಚೀಲದಲ್ಲಿ ಹಾಕಿಕೊಂಡು ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್.ಪಿ. ರೋಡಿಗೆ ಹೋದೆ. ಒಂದು ಅಂಗಡಿಯಲ್ಲಿ ಡಿವಿಆರ್ ಹಳೇದಾಯ್ತು, ಇದನ್ನು ಎಸೆದು ಹೊಸ ಸೆಟ್ ಹಾಕಿಸಿ, ಕ್ಯಾಮೆರಾನೂ ಬದಲಾಯಿಸಿಬಿಡಿ ಅಂದರು. ಡಿಸ್ಕ್ ಯಾಕೆ 746 ತೋರಿಸುತ್ತಿದೆ ಅಂತ ಕೇಳಿದೆ. ಅದು ಹಾಗೇ ಬರುತ್ತೆ ಸರ್ ಅಂದರು. ಅದು ನನಗೆ ಒಪ್ಪಿಗೆಯಾಗಲಿಲ್ಲ. ಯಂತ್ರ ಬಾಯಿಗೆ ಬಂದ ಸಂಖ್ಯೆ ಹೇಳುವುದಿಲ್ಲ, ಪ್ರತಿ ಸಂಖ್ಯೆಗೂ ಅದರ ಹತ್ತಿರ ಕಾರಣ ಇರುತ್ತದೆ.

ಮನೆಗೆ ಬಂದು ಕಳೆಯುವ ಲೆಕ್ಕ ಹಾಕಿದೆ. ಹಾರ್ಡ್ ಡಿಸ್ಕ್‌ನ ಜಾಗವನ್ನು 512 ಬೈಟ್‌ಗಳ ಸಣ್ಣ ಸಣ್ಣ ಖಾನೆಗಳಾಗಿ ಮಾಡಿರುತ್ತಾರೆ. ಇವಕ್ಕೆ ಸೆಕ್ಟರ್ ಅನ್ನುತ್ತಾರೆ. ಪ್ರತಿ ಖಾನೆಗೂ ಒಂದು ನಂಬರ್. ಹಳೆಯ ಡಿವಿಆರ್‌ಗಳಲ್ಲಿ ಬಹಳಷ್ಟು ಈ ನಂಬರನ್ನು 32 ಬಿಟ್‌ನಲ್ಲಿ, ಅಂದರೆ ಸೊನ್ನೆ ಒಂದುಗಳ 32 ಅಂಕಿಯಲ್ಲಿ ಬರೆದುಕೊಳ್ಳುತ್ತವೆ. 32 ಬಿಟ್‌ನಲ್ಲಿ ಹೆಚ್ಚೆಂದರೆ 4,29,49,67,296 ನಂಬರ್ ಹಿಡಿಸುತ್ತದೆ, ಅಂದರೆ 429 ಕೋಟಿ ಚಿಲ್ಲರೆ. 512ರಿಂದ ಗುಣಿಸಿದರೆ 2.2 ಟಿಬಿ. ಅಲ್ಲಿಗೆ ಗೋಡೆ. 3 ಟಿಬಿ ಡಿಸ್ಕ್‌ನಲ್ಲಿ 586 ಕೋಟಿ ಖಾನೆ ಇರುತ್ತವೆ. ಹಳೆಯ ಸ್ಕೂಟರ್ ಮೀಟರ್ ನೆನಪಿದೆಯಲ್ವಾ, 99999 ಕಿಲೋಮೀಟರ್ ಆದ ಮೇಲೆ ಮತ್ತೆ 00000ಕ್ಕೆ ಬರುತ್ತಿತ್ತು. ಇದೂ ಹಾಗೆಯೇ. 429 ಕೋಟಿ ಆದ ಕೂಡಲೇ ಡಿವಿಆರ್ ಸೊನ್ನೆಗೆ ಬಂದು ಉಳಿದದ್ದನ್ನು ಮಾತ್ರ ಎಣಿಸಿತು. ಉಳಿದದ್ದು 156 ಕೋಟಿ ಖಾನೆ. ಅಂದರೆ 801 ಜಿಬಿ. ಡಿಸ್ಕ್ ತಯಾರಿಸುವವರು ಸಾವಿರದ ಲೆಕ್ಕದಲ್ಲಿ ಹೇಳುತ್ತಾರೆ, ಡಿವಿಆರ್ 1024ರ ಲೆಕ್ಕದಲ್ಲಿ ತೋರಿಸುತ್ತದೆ. 1000 ಜಿಬಿ ಪರದೆ ಮೇಲೆ 931 ಆಗುವುದು ಅದಕ್ಕೇ. ಅದೇ ಲೆಕ್ಕದಲ್ಲಿ 801 ಜಿಬಿ 746 ಆಗುತ್ತದೆ. ಸರಿಯಾಗಿ ಕೂತಿತು. ಆ ರಾತ್ರಿ ಹನ್ನೊಂದು ಗಂಟೆಗೆ ಆ ಹುಡುಗನಿಗೆ ಫೋನ್ ಮಾಡಿ, ನಿನ್ನ ಡಿಸ್ಕ್ ಚೆನ್ನಾಗಿದೆ ಕಣಪ್ಪ ಅಂತ ಹೇಳಿದೆ.

ಇಂಥ ಗೋಡೆ ಇದೇ ಮೊದಲಲ್ಲ. ಅಮೆರಿಕದಲ್ಲಿ 1999ರಲ್ಲಿ ಟಿವೊ ಅನ್ನುವ ಟಿವಿ ರೆಕಾರ್ಡರ್ ಮಾರಾಟಕ್ಕೆ ಬಂತು. ಜನ ಅದನ್ನು ಬಿಚ್ಚಿ ದೊಡ್ಡ ಡಿಸ್ಕ್ ಹಾಕಲು ಶುರು ಮಾಡಿದರು. ಆಗಿನ ನಂಬರ್ 28 ಬಿಟ್‌ನದು, ಡಿಸ್ಕ್ ಎಷ್ಟೇ ದೊಡ್ಡದಿರಲಿ 137 ಜಿಬಿಗೆ ನಿಂತುಬಿಡುತ್ತಿತ್ತು. ಆಗಲೂ ಪೆಟ್ಟಿಗೆ ಎಸೆಯದೆ ದಾರಿ ಹುಡುಕಿದವರಿದ್ದರು. ಕೆಲವರು ಒಂದೇ ಪೆಟ್ಟಿಗೆಗೆ ಎರಡು ಡಿಸ್ಕ್ ಹಾಕಿದರು. ಅದು ವಿಂಡೋಸ್ ಥರದ್ದೇ ಲಿನಕ್ಸ್ ಅನ್ನುವ ತಂತ್ರಾಂಶದ ಮೇಲೆ ಓಡುವ ಯಂತ್ರ, ಹಾಗಾಗಿ ಕೆಲವರು 48 ಬಿಟ್ ನಂಬರ್ ಗೊತ್ತಿರುವ ಹೊಸ ಕರ್ನೆಲ್, ಅಂದರೆ ಅದರ ತಿರುಳಿನ ಭಾಗ ಸೇರಿಸಿದರು. 28 ಬಿಟ್‌ನಿಂದ 48 ಬಿಟ್‌ಗೆ ಹೋದದ್ದು ನಮ್ಮೂರಲ್ಲಿ ಲ್ಯಾಂಡ್‌ಲೈನ್ ನಂಬರುಗಳ ಮುಂದೆ 2 ಸೇರಿಸಿ ಏಳು ಅಂಕಿಯನ್ನು ಎಂಟು ಮಾಡಿದ ಹಾಗೆ. ಮನೆಗಳು ಜಾಸ್ತಿ ಆದವು, ನಂಬರ್ ಸಾಲಲಿಲ್ಲ, ಅಂಕಿ ಸೇರಿಸಿದರು. ಆದರೆ ಏಳೇ ಅಂಕಿ ಓದಲು ಗೊತ್ತಿರುವ ಯಂತ್ರಕ್ಕೆ ಎಂಟು ಅಂಕಿ ಕೊಟ್ಟರೆ ಅದು ಒಂದನ್ನು ಬಿಟ್ಟು ಯಾರದೋ ಮನೆಗೆ ಫೋನ್ ಮಾಡುತ್ತದೆ.

ಈ 'ಯಾರದೋ ಮನೆ' ಅನ್ನುವುದು ಡಿಸ್ಕ್ ವಿಷಯದಲ್ಲಿ ನಿಜವಾದ ಅಪಾಯ. ನಮ್ಮ ಡಿವಿಆರ್ 746 ಅಂತ ತೋರಿಸಿ ನಮ್ಮನ್ನು ಎಚ್ಚರಿಸಿತು. ಕೆಲವು ಯಂತ್ರಗಳು ಡಿಸ್ಕ್‌ನ ಪೂರ್ತಿ ಅಳತೆಯನ್ನೇ ತೋರಿಸುತ್ತವೆ, ಬರೆಯುವಾಗ ಮಾತ್ರ ಗೋಡೆ ಬರುತ್ತದೆ. 2.2 ಟಿಬಿ ತುಂಬುವವರೆಗೆ ಎಲ್ಲ ಚೆನ್ನಾಗಿರುತ್ತದೆ. ಅದು ದಾಟಿದ ಕೂಡಲೇ ಡಿಸ್ಕ್‌ನ ಮೊದಲ ಖಾನೆಗಳ ಮೇಲೆ ಬರೆಯಲು ಹೊರಡುತ್ತದೆ, ಯಾವ ದಿನದ ವಿಡಿಯೊ ಎಲ್ಲಿದೆ ಅನ್ನುವ ಪಟ್ಟಿ ಸಾಮಾನ್ಯವಾಗಿ ಅಲ್ಲೇ ಇರುತ್ತದೆ, ಅದು ಹೋದರೆ ಎಲ್ಲ ದಿನದ್ದೂ ಹೋದ ಹಾಗೆ. ಹಾಗಾಗಿ ದೊಡ್ಡ ಡಿಸ್ಕ್ ಹಾಕಿದ ದಿನ ಪರದೆ ನೋಡಿ ಸಮಾಧಾನ ಪಡಬೇಡಿ. ಡಿಸ್ಕ್ ಒಂದು ಸಲ ಪೂರ್ತಿ ತುಂಬಿ ತಿರುಗಲಿ. ಆಮೇಲೆ ಪ್ಲೇಬ್ಯಾಕ್ ಕ್ಯಾಲೆಂಡರ್‌ಗೆ ಹೋಗಿ ಅತಿ ಹಳೆಯ ದಿನವನ್ನು ಒತ್ತಿ. ವಿಡಿಯೊ ಓಡಿದರೆ ಮಾತ್ರ ನಂಬಿ.

ಈಗ ನಾವು ಏನು ಮಾಡಿದೆವು ಅಂತ ಹೇಳುತ್ತೇನೆ.

ಮೊದಲು ಯಂತ್ರದ ಹಿಂದಿನ ಮಾಡೆಲ್ ನಂಬರ್ ಪೂರ್ತಿ ಬರೆದುಕೊಂಡೆ, ಕೊನೆಯ ಅಕ್ಷರವೂ ಸೇರಿ. ಒಂದೇ ಹೆಸರಿನ ಡಿವಿಆರ್ ಒಳಗೆ ಬೇರೆ ಬೇರೆ ಬೋರ್ಡ್ ಇರುತ್ತದೆ, ಒಂದು ಅಕ್ಷರ ಬದಲಾದರೂ ಮಿತಿ ಬದಲಾಗಬಹುದು. ಆ ಮಾಡೆಲ್‌ನ ವಿವರದ ಹಾಳೆ ಹುಡುಕಿದರೆ ಅದರಲ್ಲಿ ಒಂದು ಸಾಲು: 2 ಸಾಟಾ ಪೋರ್ಟ್ (ಡಿಸ್ಕ್ ಜೋಡಿಸುವ ಜಾಗ), ಒಂದೊಂದಕ್ಕೆ ಹೆಚ್ಚೆಂದರೆ 2 ಟಿಬಿ. ಹತ್ತು ವರ್ಷದಿಂದ ಈ ಸಾಲು ಇತ್ತು! ಡಬ್ಬದ ಮೇಲೂ ಇರಲಿಲ್ಲ, ಯಂತ್ರದ ಮೇಲೂ ಇರಲಿಲ್ಲ, ಬಿಲ್ಲಿನಲ್ಲೂ ಇರಲಿಲ್ಲ. ಬೋರ್ಡ್ ನೋಡಿದೆ. ಎರಡನೇ ಸಾಟಾ ಪೋರ್ಟ್ ಧೂಳು ಹಿಡಿದು ಖಾಲಿ ಕೂತಿತ್ತು.

ಫರ್ಮ್‌ವೇರ್, ಅಂದರೆ ಯಂತ್ರದೊಳಗೇ ಇರುವ ತಂತ್ರಾಂಶ ಬದಲಾಯಿಸಿದರೆ ಮಿತಿ ಹೋಗುತ್ತದೆಯೇ ಅಂತಲೂ ನೋಡಿದೆ. ಕೆಲವು ಮಾಡೆಲ್‌ಗಳಿಗೆ ಕಂಪನಿಯವರೇ ಅಂಥ ಫರ್ಮ್‌ವೇರ್ ಕೊಡುತ್ತಾರೆ. ನಮ್ಮದಕ್ಕೆ ಇರಲಿಲ್ಲ. ಇದ್ದರೂ ಎಚ್ಚರ ಬೇಕು. ಸರಿಯಾಗಿ ನಿಮ್ಮ ಮಾಡೆಲ್‌ನದೇ ಆಗಿರಬೇಕು, ಕಂಪನಿಯಿಂದಲೇ ಬಂದಿರಬೇಕು, ಹಾಕುವಾಗ ಯುಪಿಎಸ್ ಇರಲೇಬೇಕು. ಅರ್ಧದಲ್ಲಿ ಕರೆಂಟ್ ಹೋದರೆ ಡಿವಿಆರ್ ಮತ್ತೆ ಏಳುವುದೇ ಇಲ್ಲ. ಮಳೆಗಾಲದ ಸಂಜೆ ಈ ಕೆಲಸಕ್ಕೆ ಕೈ ಹಾಕಬೇಡಿ.

ಎರಡು ಪೋರ್ಟ್ ಇರುವುದರಿಂದ 2 ಟಿಬಿಯ ಎರಡು ಡಿಸ್ಕ್ ಹಾಕಿದರೆ 4 ಟಿಬಿ ಆಯಿತು. ಮಿತಿ ಒಂದೊಂದು ಡಿಸ್ಕ್‌ಗೆ ಅಷ್ಟೇ, ಎರಡೂ ಸೇರಿಸಿ ಅಲ್ಲ. ಒಂದು ಹೊಸದು ಕೊಂಡೆವು, ಕ್ಯಾಮೆರಾ ಕೆಲಸಕ್ಕೆಂದೇ ಬರುವ ಸರ್ವೇಲೆನ್ಸ್ ಡಿಸ್ಕ್. ಡಬ್ಲ್ಯೂಡಿ ಪರ್ಪಲ್, ಸೀಗೇಟ್ ಸ್ಕೈಹಾಕ್ ಅಂತೆಲ್ಲ ಬರುತ್ತವಲ್ಲ, ಆ ಜಾತಿಯದು. ಹಗಲು ರಾತ್ರಿ ಬಿಡದೆ ಬರೆಯುವ ಕೆಲಸಕ್ಕೆ ಮಾಡಿದ್ದು. ಕೊಳ್ಳುವಾಗ ಸೀಲ್ ನೋಡಿ, ಆಮೇಲೆ ಕಂಪ್ಯೂಟರಿಗೆ ಹಾಕಿ ಎಷ್ಟು ಗಂಟೆ ಓಡಿದೆ ಅಂತ ನೋಡಿ. ಹೊಸ ಡಿಸ್ಕ್‌ನಲ್ಲಿ ಅದು ಸೊನ್ನೆಯ ಹತ್ತಿರ ಇರಬೇಕು. ಸಾವಿರಗಟ್ಟಲೆ ಗಂಟೆ ತೋರಿಸಿದರೆ ಅದು ಹಳೆಯ ಮಾಲು.

ಎರಡನೆಯದಕ್ಕೆ ಆ ಹುಡುಗನ 3 ಟಿಬಿ ಡಿಸ್ಕ್ ಅನ್ನೇ ಬಳಸಿದೆವು. ಹೇಗೆ ಅಂದರೆ, ಡಿಸ್ಕ್‌ಗೇ ಹೇಳಿ ಅದರ ಅಳತೆ ಕಮ್ಮಿ ಮಾಡಿಸಬಹುದು. ಬಟ್ಟೆ ಉದ್ದವಾದರೆ ಮಡಚಿ ಹೊಲಿಯುತ್ತೇವಲ್ಲ, ಹಾಗೆ. ಕತ್ತರಿಸುವುದಲ್ಲ, ಬೇಕಾದಾಗ ಹೊಲಿಗೆ ಬಿಚ್ಚಬಹುದು. ಲಿನಕ್ಸ್‌ನಲ್ಲಿ ಎಚ್‌ಡಿಪಾರ್ಮ್ ಅನ್ನುವ ಸಣ್ಣ ತಂತ್ರಾಂಶ ಇದೆ, ಅದರಿಂದ ಡಿಸ್ಕ್‌ಗೆ 'ನಿನ್ನಲ್ಲಿ ಇಷ್ಟೇ ಖಾನೆ ಇದೆ ಅಂತ ಹೇಳು' ಎಂದು ಆಜ್ಞೆ ಕೊಡಬಹುದು. 2 ಟಿಬಿ ಡಿಸ್ಕ್‌ನ ಖಾನೆಗಳ ಸಂಖ್ಯೆ 3,90,70,29,168. ಅದನ್ನೇ ಕೊಟ್ಟೆವು. ಕರೆಂಟ್ ತೆಗೆದು ಮತ್ತೆ ಹಾಕಿದಾಗ ಆ ಡಿಸ್ಕ್ ಕೇಳಿದವರಿಗೆಲ್ಲ ನಾನು 2 ಟಿಬಿ ಅನ್ನಲು ಶುರು ಮಾಡಿತು. ಡಿವಿಆರ್ ಕೂಡ ಒಪ್ಪಿಕೊಂಡು 1863 ಜಿಬಿ ತೋರಿಸಿತು. 1 ಟಿಬಿ ಜಾಗ ಸುಮ್ನೆ ಮಲಗಿರುತ್ತದೆ, ನಿಜ. ಆದರೆ 746 ಇದ್ದದ್ದು 1863 ಆಯಿತು, ಒಂದು ಪೈಸೆ ಖರ್ಚಿಲ್ಲದೆ.

ಇದನ್ನು ಮಾಡುವವರಿಗೆ ಕೆಲವು ಮಾತು. ಡಿಸ್ಕ್‌ನಲ್ಲಿ ನಿಮ್ಮ ಫೋಟೊ, ಕಾಗದಪತ್ರ ಏನಿದ್ದರೂ ಮೊದಲೇ ಬೇರೆ ಕಡೆ ಇಟ್ಟುಕೊಳ್ಳಿ, ಡಿವಿಆರ್ ಫಾರ್ಮ್ಯಾಟ್ ಮಾಡಿದ ಮೇಲೆ ಏನೂ ಉಳಿಯುವುದಿಲ್ಲ. ಡಿಸ್ಕ್ ಅನ್ನು ಕಂಪ್ಯೂಟರಿನ ಸಾಟಾ ಪೋರ್ಟ್‌ಗೆ ನೇರವಾಗಿ ಜೋಡಿಸಿ, ಯುಎಸ್‌ಬಿ ಡಬ್ಬದ ಮೂಲಕ ಈ ಆಜ್ಞೆ ಎಷ್ಟೋ ಸಲ ಡಿಸ್ಕ್‌ವರೆಗೆ ಹೋಗುವುದೇ ಇಲ್ಲ. ಶಾಶ್ವತವಾಗಿ ಇರಲಿ ಅಂತ ಸೇರಿಸಿ ಕೊಡಬೇಕು, ಇಲ್ಲದಿದ್ದರೆ ಕರೆಂಟ್ ಹೋಗಿ ಬಂದಾಗ ಮತ್ತೆ 3 ಟಿಬಿ ಆಗುತ್ತದೆ. ಒಂದು ಸಲ ತಪ್ಪು ಸಂಖ್ಯೆ ಕೊಟ್ಟರೆ ಗಾಬರಿ ಬೇಡ, ಡಿಸ್ಕ್‌ನ ಕರೆಂಟ್ ಪೂರ್ತಿ ತೆಗೆದು ಹಾಕಿ ಮತ್ತೆ ಕೊಡಿ, ಯಾಕೆಂದರೆ ಒಂದು ಸಲ ಕರೆಂಟ್ ಹಾಕಿದಾಗ ಒಂದೇ ಸಲ ಬದಲಾಯಿಸಲು ಬಿಡುತ್ತದೆ. ಎಲ್ಲಕ್ಕಿಂತ ಮುಖ್ಯ, ಕಂಪ್ಯೂಟರಿನಲ್ಲಿ ಎರಡು ಡಿಸ್ಕ್ ಇದ್ದರೆ ಯಾವುದಕ್ಕೆ ಆಜ್ಞೆ ಕೊಡುತ್ತಿದ್ದೀರಿ ಅಂತ ಎರಡು ಸಲ ನೋಡಿ. ನಾವು ಉಳಿದ ಡಿಸ್ಕ್‌ಗಳ ಕೇಬಲ್ ಕಿತ್ತಿಟ್ಟೇ ಈ ಕೆಲಸ ಮಾಡಿದೆವು. ಈ ಡಿಸ್ಕ್ ಸರ್ವೇಲೆನ್ಸ್ ಜಾತಿಯದಲ್ಲ, ಹಾಗಾಗಿ ತಿಂಗಳಿಗೊಮ್ಮೆ ಅದರ ಆರೋಗ್ಯ ನೋಡುತ್ತಿದ್ದೇನೆ. ದುಡ್ಡು ಕೂಡಿದಾಗ ಬದಲಾಯಿಸುತ್ತೇವೆ.

ಎರಡು ಡಿಸ್ಕ್ ಆದ ಮೇಲೆ ಅಡಾಪ್ಟರ್ ಸಾಲಲಿಲ್ಲ. ಡಿವಿಆರ್ ಜೊತೆ ಬಂದದ್ದು 12 ವೋಲ್ಟ್ 2 ಆಂಪ್. ದೊಡ್ಡ ಡಿಸ್ಕ್ ಒಂದೊಂದೂ ತಿರುಗಲು ಶುರು ಮಾಡುವಾಗ ಒಂದೆರಡು ಆಂಪ್ ಎಳೆಯುತ್ತದೆ. ನಮ್ಮದು ಟಿಕ್ ಟಿಕ್ ಅಂದು ಆಫ್ ಆಗುತ್ತಿತ್ತು. ಡಿಸ್ಕ್ ಕೆಟ್ಟಿತು ಅಂತ ಮತ್ತೆ ಗಾಬರಿ. 12 ವೋಲ್ಟ್ 5 ಆಂಪ್ ಅಡಾಪ್ಟರ್ ಹಾಕಿದ ಮೇಲೆ ಸದ್ದಿಲ್ಲದೆ ಓಡುತ್ತಿದೆ. ವೋಲ್ಟ್ ಮಾತ್ರ ಅಷ್ಟೇ ಇರಬೇಕು, ಪಿನ್ನಿನ ಪ್ಲಸ್ ಮೈನಸ್ ಕೂಡ. ಆಂಪ್ ಜಾಸ್ತಿ ಇದ್ದರೆ ತೊಂದರೆ ಇಲ್ಲ, ಯಂತ್ರ ತನಗೆ ಬೇಕಾದಷ್ಟೇ ಎಳೆದುಕೊಳ್ಳುತ್ತದೆ.

ಒಂದೇ ಪೋರ್ಟ್ ಇರುವ ಡಿವಿಆರ್ ಇದ್ದವರು ಸ್ಪ್ಲಿಟ್ಟರ್ ಕೇಬಲ್ ಕೊಂಡು ಮೋಸ ಹೋಗಬೇಡಿ. ಕರೆಂಟಿನ ತಂತಿಯನ್ನು ಎರಡು ಮಾಡಬಹುದು. ಡೇಟಾ ತಂತಿಯನ್ನು ಹಾಗೆ ಸೀಳಿ ಎರಡು ಡಿಸ್ಕ್‌ಗೆ ಕೊಡಲು ಆಗುವುದಿಲ್ಲ. ಮುಂದಿನ ಯುಎಸ್‌ಬಿ ಪೋರ್ಟ್‌ಗೆ ಡಿಸ್ಕ್ ಸಿಕ್ಕಿಸಿದರೆ ರೆಕಾರ್ಡ್ ಆಗುತ್ತದೆ ಅಂತಲೂ ಅಂದುಕೊಳ್ಳಬೇಡಿ. ಸಾಮಾನ್ಯವಾಗಿ ಅದು ಮೌಸ್‌ಗೆ ಮತ್ತು ಪೆನ್‌ಡ್ರೈವ್‌ಗೆ ಕಾಪಿ ಮಾಡಿಕೊಳ್ಳಲು ಮಾತ್ರ. ಹಿಂದೆ ಹೊರಗಿನ ಡಿಸ್ಕ್ ಜೋಡಿಸುವ ಇ-ಸಾಟಾ ಪೋರ್ಟ್ ಇದ್ದು, ಸೆಟ್ಟಿಂಗ್‌ನಲ್ಲಿ ಅದಕ್ಕೆ ರೆಕಾರ್ಡಿಂಗ್ ಅನ್ನುವ ಆಯ್ಕೆ ಇದ್ದರೆ ಆಗುತ್ತದೆ. ಇನ್ನೊಂದು, 4 ಕೆ ನೇಟಿವ್ ಅನ್ನುವ ಡಿಸ್ಕ್‌ಗಳು ಬರುತ್ತವೆ, ಅವುಗಳ ಖಾನೆ 512 ಅಲ್ಲ, 4096 ಬೈಟ್. ಹಳೆಯ ಡಿವಿಆರ್‌ಗೆ ಅವು ಅರ್ಥವೇ ಆಗುವುದಿಲ್ಲ. ಕೊಳ್ಳುವಾಗ 512ಇ ಅಂತ ಇರುವುದನ್ನು ಕೇಳಿ.

4 ಟಿಬಿ ಹಾಕಿದರೂ 173ರ ಲೆಕ್ಕದಲ್ಲಿ 23 ದಿನ ಅಷ್ಟೇ. ಇನ್ನು ಏಳು ದಿನ ಬೇಕಿತ್ತು. ಡಿಸ್ಕ್ ದೊಡ್ಡದು ಮಾಡಲು ಆಗದಿದ್ದರೆ ಬರೆಯುವುದನ್ನು ಕಮ್ಮಿ ಮಾಡಬೇಕು. ಹೊಸ ಡಿವಿಆರ್‌ಗಳಲ್ಲಿ ವಿಡಿಯೊ ಕುಗ್ಗಿಸಿ ಬರೆಯುವ ಎಚ್.265 ಅನ್ನುವ ವಿಧಾನ ಇರುತ್ತದೆ, ಹಳೆಯ ಎಚ್.264ಕ್ಕೆ ಹೋಲಿಸಿದರೆ ಅದೇ ಚಿತ್ರಕ್ಕೆ ಹೆಚ್ಚು ಕಮ್ಮಿ ಅರ್ಧ ಜಾಗ ಸಾಕು. ಅದಿದ್ದವರು ಮೊದಲು ಅದನ್ನು ಆನ್ ಮಾಡಿ, ಡಿಸ್ಕ್ ಕೊಳ್ಳುವುದೇ ಬೇಡವಾಗಬಹುದು. ನಮ್ಮದರಲ್ಲಿ ಇಲ್ಲ. ಗೇಟು, ಪಾರ್ಕಿಂಗ್ ಕ್ಯಾಮೆರಾ ನಾಲ್ಕಕ್ಕೂ ಬಿಟ್‌ರೇಟ್ 2048 ಹಾಗೇ ಬಿಟ್ಟೆವು, ಅಲ್ಲಿ ಮುಖ ಕಾಣಬೇಕು, ಗಾಡಿ ನಂಬರ್ ಕಾಣಬೇಕು. ಲಿಫ್ಟ್, ಓಣಿ, ಜನರೇಟರ್, ಟೆರೇಸ್ ನಾಲ್ಕನ್ನೂ 1024ಕ್ಕೆ ಇಳಿಸಿ, ಸೆಕೆಂಡಿಗೆ 25 ಇದ್ದ ಫ್ರೇಮ್ ಅನ್ನು 12 ಮಾಡಿದೆವು. ದಿನಕ್ಕೆ 130 ಜಿಬಿ ಹತ್ತಿರಕ್ಕೆ ಬಂತು. 4000 ಭಾಗಿಸು 130, ಮೂವತ್ತು ದಿನ. ಟೆರೇಸ್ ಬಾಗಿಲಿನ ಕ್ಯಾಮೆರಾ ಯಾರಾದರೂ ಓಡಾಡಿದಾಗ ಮಾತ್ರ ರೆಕಾರ್ಡ್ ಮಾಡಲಿ ಅಂತ ಇಟ್ಟೆವು, ಇನ್ನೂ ಒಂದೆರಡು ದಿನ ಸಿಕ್ಕಿತು. ಗೇಟಿನ ಕ್ಯಾಮೆರಾಗೆ ಮಾತ್ರ ಹಾಗೆ ಮಾಡಬೇಡಿ ಅಂತ ನನ್ನ ಸಲಹೆ. ಚಲನೆ ಗುರುತಿಸುವುದು ತಡವಾದರೆ ಬೇಕಾದ ಆ ಎರಡು ಸೆಕೆಂಡೇ ತಪ್ಪಿಹೋಗುತ್ತದೆ.

ಡಿಸ್ಕ್ ಬದಲಾಯಿಸುವ ಮೊದಲು ಒಂದು ಕೆಲಸ ಮರೆಯಬೇಡಿ. ಯಾವುದಾದರೂ ಪ್ರಕರಣ ನಡೆಯುತ್ತಿದ್ದರೆ ಹಳೆಯ ಡಿಸ್ಕ್ ಮುಟ್ಟಬೇಡಿ. ಪೊಲೀಸರನ್ನು ಕೇಳಿ, ಡಿವಿಆರ್‌ನಿಂದಲೇ ಬೇಕಾದ ಹೊತ್ತಿನ ವಿಡಿಯೊ ಕಾಪಿ ಮಾಡಿಕೊಡಿ, ಡಿಸ್ಕ್ ಅನ್ನು ಕವರಿನಲ್ಲಿ ಹಾಕಿ ದಿನಾಂಕ ಬರೆದಿಡಿ. ಡಿವಿಆರ್ ಗಡಿಯಾರ ಎಷ್ಟು ನಿಮಿಷ ಮುಂದೆ ಹಿಂದೆ ಇದೆ ಅಂತಲೂ ಬರೆಯಿರಿ. ನಮ್ಮದು ಹನ್ನೊಂದು ನಿಮಿಷ ಹಿಂದಿತ್ತು. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಯಲ್ಲಿದೆ. ಅದರ 63ನೇ ಕಲಮಿನ ಪ್ರಕಾರ ಇಂಥ ವಿಡಿಯೊ ಜೊತೆ ಪ್ರಮಾಣಪತ್ರ ಕೊಡಬೇಕಾಗುತ್ತದೆ. ಡಿವಿಆರ್ ಡಿಸ್ಕ್ ಅನ್ನು ವಿಂಡೋಸ್ ಕಂಪ್ಯೂಟರಿಗೆ ಹಾಕಿದರೆ ಅದಕ್ಕೆ ಓದಲು ಬರುವುದಿಲ್ಲ, ಫಾರ್ಮ್ಯಾಟ್ ಮಾಡಲೇ ಅಂತ ಕೇಳುತ್ತದೆ. ಅಲ್ಲಿ ಹೂಂ ಅಂದವರು ಎಷ್ಟೋ ಜನ ಇದ್ದಾರೆ.

ನನ್ನ ಬೇಡಿಕೆ ದೊಡ್ಡದಲ್ಲ. ಡಿವಿಆರ್ ಹಿಂದೆ ಎಷ್ಟು ವೋಲ್ಟ್, ಎಷ್ಟು ಆಂಪ್ ಅಂತ ಅಚ್ಚು ಹಾಕುತ್ತಾರಲ್ಲ, ಅದರ ಕೆಳಗೆ ಇನ್ನೊಂದು ಸಾಲು ಹಾಕಲಿ: ಎಷ್ಟು ಡಿಸ್ಕ್, ಒಂದೊಂದು ಹೆಚ್ಚೆಂದರೆ ಎಷ್ಟು ಟಿಬಿ. ಕರ್ನಾಟಕದಲ್ಲಿ ಮಾರುವ ಡಬ್ಬದ ಮೇಲೆ ಕನ್ನಡದಲ್ಲೂ ಇರಲಿ. ಹಾಕಿಕೊಡುವವರು ಬಿಲ್ಲಿನಲ್ಲಿ ಟಿಬಿ ಜೊತೆಗೆ, ಈ ಸೆಟ್ಟಿಂಗ್‌ನಲ್ಲಿ ಇಷ್ಟು ದಿನ ಬರುತ್ತದೆ ಅಂತ ಬರೆದು ಸಹಿ ಹಾಕಲಿ. ಈ ಎರಡು ಸಾಲು ಇದ್ದಿದ್ದರೆ ಆ ಸ್ಕೂಟರ್ ಹೋದ ರಾತ್ರಿಯ ದೃಶ್ಯ ನಮ್ಮ ಹತ್ತಿರ ಇರುತ್ತಿತ್ತು. ಚೆನ್ನಾಗಿ ಓಡುವ ಡಿವಿಆರ್ ಅನ್ನು, ಎಂಟು ಕ್ಯಾಮೆರಾಗಳನ್ನು ಇ-ತ್ಯಾಜ್ಯಕ್ಕೆ ಹಾಕಿ ಅಂತ ನಮಗೆ ಯಾರೂ ಹೇಳುತ್ತಿರಲಿಲ್ಲ. ನಮಗೆ ಕೊನೆಗೆ ಖರ್ಚಾದದ್ದು ಒಂದು 2 ಟಿಬಿ ಡಿಸ್ಕ್, ಒಂದು ಅಡಾಪ್ಟರ್, ಒಂದು ಸಾಟಾ ಕೇಬಲ್.

ನಿಮ್ಮ ವರದಿಗಾರರಿಗೂ ಒಂದು ಮಾತು. ಮುಂದಿನ ಸಲ ದೃಶ್ಯ ಸಿಗಲಿಲ್ಲ ಅಂತ ಬರೆಯುವಾಗ, ಎಷ್ಟು ಕ್ಯಾಮೆರಾ, ಎಷ್ಟು ಟಿಬಿ, ಎಷ್ಟು ದಿನದ್ದು ಇತ್ತು ಅಂತ ಕೇಳಿ ಅದನ್ನೂ ಬರೆಯಿರಿ. ಓದಿದವರು ಎದ್ದು ಹೋಗಿ ತಮ್ಮ ಮನೆಯ ಡಿವಿಆರ್ ನೋಡುತ್ತಾರೆ.

ಸ್ಕೂಟರ್ ಇನ್ನೂ ಸಿಕ್ಕಿಲ್ಲ. ವಾಚ್‌ಮನ್ ರೂಮಿನ ಗೋಡೆಗೆ ಒಂದು ಕಾಗದ ಅಂಟಿಸಿದ್ದೇವೆ. ಪ್ರತಿ ತಿಂಗಳು 1ನೇ ತಾರೀಖು ಕ್ಯಾಲೆಂಡರ್‌ನಲ್ಲಿ ಅತಿ ಹಳೆಯ ದಿನದ ವಿಡಿಯೊ ಓಡಿಸಿ ನೋಡಿ, ದಿನಾಂಕ ಬರೆದು ಸಹಿ ಹಾಕಬೇಕು. ಈ ತಿಂಗಳು ನೋಡಿದವರು ಆ ಮೂರನೇ ಮಹಡಿಯ ಮನೆಯಾಕೆ. 32 ದಿನ ಅಂತ ಬರೆದಿದ್ದಾರೆ.

ಇಂತಿ,
ನಿಮ್ಮ ಓದುಗ,
ಬಸವನಗುಡಿ, ಬೆಂಗಳೂರು